ಕಿಟಕಿಯ ಅಳತೆ

ಮನೆ ಇನ್ನೂ ಗೆರೆಯಲ್ಲೇ ಇತ್ತು. ಆದರೂ ಅಕ್ಕ ಬಾಗಿಲಿಂದಲೇ ಒಳಗೆ ಬಂದಳು.

ಉಳಿದವರೆಲ್ಲ ಸುಣ್ಣದ ಪುಡಿಯ ಗೆರೆಯನ್ನು ಎಲ್ಲೆಂದರಲ್ಲಿ ದಾಟಿ ಓಡಾಡುತ್ತಿದ್ದರು. ಟೈಲರನ ಹೆಂಡತಿ ನಡುಮನೆಯಿಂದ ಅಡುಗೆಮನೆಗೆ ಗೋಡೆಯ ಮೂಲಕವೇ ಹೋಗಿ, ಒಲೆ ಬರಬೇಕಾದ ಕಡೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಮಗಳು ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ಅವಳ ತಲೆ ನಡುಮನೆಯ ಓದುವ ಮೂಲೆಯಲ್ಲಿ, ಕಾಲು ಅಡುಗೆಮನೆಯಲ್ಲಿ. ಅಕ್ಕ ಹಾಗಲ್ಲ. ಗೆರೆ ಎಲ್ಲಿ ಬಿಟ್ಟುಹೋಗಿದೆ ಎಂದು ನೋಡಿ, ಅಲ್ಲಿಗೆ ಸುತ್ತಿ ಬಂದು, ಚಪ್ಪಲಿ ಬಿಟ್ಟು, ಬಟ್ಟೆಗೆ ಅಂಟಿದ ಹುಲ್ಲಿನ ಮುಳ್ಳನ್ನು ಒಂದೊಂದಾಗಿ ಕಿತ್ತುಹಾಕಿ, ಆಮೇಲೆ ಕಾಲಿಟ್ಟಳು.

"ಅತ್ತೆ, ಗೋಡೆನೇ ಇಲ್ಲ. ಈ ಕಡೆಯಿಂದಾನೇ ಬಾ," ಎಂದಳು ಹುಡುಗಿ ಮಲಗಿದಲ್ಲಿಂದಲೇ.

"ನಿಮ್ಮಪ್ಪ ಗೆರೆ ಎಳೆದ ಅಂದ್ರೆ ಕತ್ತರಿ ಹಾಕಿದ ಹಾಗೇನೇ. ಈ ವಯಸ್ಸಲ್ಲಿ ಗೋಡೆಗೆ ಹಣೆ ಚಚ್ಕೊಳ್ಲಾ?"

ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು, ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡು, ತಾನು ಬಿಡಿಸಿದ ಮನೆಯನ್ನು ದೂರದಿಂದ ನೋಡುತ್ತಿದ್ದ. ಮೇಜಿನ ಮೇಲೆ ಬಟ್ಟೆ ಹರವಿ ಗೆರೆ ಎಳೆದು ಪಳಗಿದ ಕೈ ಅದು. ನೆಲವನ್ನೂ ಅವನು ಬಟ್ಟೆಯ ಹಾಗೆಯೇ ಹರವಿಕೊಂಡಿದ್ದ. ಮುಂದೆ ಗಾಡಿ ದಾರಿ, ಹಿಂದೆ ಮಲಗಿದ ಎಮ್ಮೆಯಂಥ ಒಂದು ಬಂಡೆ. ಎರಡರ ನಡುವಿನ ಉದ್ದದಲ್ಲಿ ಕೋಣೆಗಳು ಸಾಲಾಗಿ ಕೂತಿದ್ದವು. ದಾರಿಯ ಕಡೆಗೆ ಅಂಗಡಿ ಕೋಣೆ, ಅದರ ಹಿಂದೆ ನಡುಮನೆ, ಅಡುಗೆಮನೆ, ಗಂಡ ಹೆಂಡತಿಯ ಕೋಣೆ. ಕೊನೆಯದು, ಬಂಡೆಯ ಪಕ್ಕದ್ದು, ಅಕ್ಕನದು.

ಅಕ್ಕ ಒಂದೊಂದೇ ಬಾಗಿಲು ಹುಡುಕಿಕೊಂಡು ಅಲ್ಲಿಗೆ ತಲುಪಿದಳು. ಕೋಣೆಯ ಆಚೆ ಬದಿಯಲ್ಲಿ ಟೈಲರ್ ಎರಡು ಬಿಳಿ ಕಲ್ಲುಗಳನ್ನು ಇಟ್ಟಿದ್ದ. ಅವುಗಳ ನಡುವಿನದು ಕಿಟಕಿ. ಅಕ್ಕ ಆ ಜಾಗಕ್ಕೆ ಎದುರಾಗಿ ನಿಂತು, ಬಂಡೆಯ ಮೇಲಿನ ಆಕಾಶವನ್ನು ನೋಡಿ, ತಾನಾಗಿಯೇ ಕೈ ಮುಗಿದಳು.

"ಬೆಳಗಿನ ಬಿಸಿಲು ಇಲ್ಲಿಗೆ ಬೀಳುತ್ತಾ ತಮ್ಮಾ?"

"ಸೀದಾ ನಿನ್ನ ಹಾಸಿಗೆ ಮೇಲೆ ಅಕ್ಕ. ಬಂಡೆ ಗಿಡ್ಡ ಇದೆ, ಅಡ್ಡ ಬರಲ್ಲ."

"ಹಾಗಾದ್ರೆ ಸಾಕು," ಎಂದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಅಲ್ಲದ ದನಿಯಲ್ಲಿ, "ಇಷ್ಟು ಸಾಕಪ್ಪಾ," ಎಂದಳು. ಅದು ದೇವರಿಗೆ ಹೇಳಿದ್ದು.

ಅವಳಿಗೆ ಈ ಹುಟ್ಟಿನಲ್ಲಿ ಕೋಣೆ ಎಂಬುದು ಸಿಕ್ಕಿರಲಿಲ್ಲ. ತಾಯಿ ತಂದೆ ಹೋದ ಮೇಲೆ ತಮ್ಮನನ್ನು ಸಾಕಿದ್ದು, ಅವನ ಕೈಗೆ ಕತ್ತರಿ ಕೊಟ್ಟಿದ್ದು, ಅವನಿಗೆ ಮದುವೆ ಮಾಡಿಸಿದ್ದು ಎಲ್ಲ ಅವಳೇ. ಪೇಟೆಯ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆಯ ಬಾಡಿಗೆ ಮನೆ. ಮೇಲಿನ ಕೋಣೆ ತಮ್ಮನ ಸಂಸಾರಕ್ಕೆ. ಅಕ್ಕ ಮಲಗುವುದು ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಸಂಜೆ ಮೇಜಿನ ಮೇಲಿನ ಪ್ಯಾಂಟು, ಅಂಗಿಗಳನ್ನು ಎತ್ತಿಟ್ಟರೆ ಅವಳ ಮಂಚ ತಯಾರು. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಮತ್ತೆ ಅಂಗಡಿ. ಬಾಗಿಲಿನ ಶಟರಿನ ಸಂದಿಯಿಂದ ಬೆಳಗಿನ ಬೆಳಕು ಬೆರಳಗಲದ ಪಟ್ಟಿಯಾಗಿ ಒಳಗೆ ಬಂದು ಮೇಜಿನ ತುದಿಯಲ್ಲಿ ಬೀಳುತ್ತಿತ್ತು. ಅಕ್ಕ ಕಣ್ಣು ಬಿಟ್ಟ ಕೂಡಲೇ ಕೈ ಮುಗಿಯುತ್ತಿದ್ದದ್ದು ಅದಕ್ಕೆ.

ಬೀದಿಯವರು ಅವಳನ್ನು ಕಾಜದಕ್ಕ ಎಂದು ಕರೆಯುತ್ತಿದ್ದರು. ಗುಂಡಿ ತೂರುವ ಕಾಜಗಳನ್ನು ಕೈಯಿಂದ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಊರಾಚೆಯ ಆ ತುಂಡು ನೆಲ ಅವರದಾಗುವುದರಲ್ಲಿ ಅಕ್ಕನ ಕಾಜಗಳು ಎಷ್ಟು ಸೇರಿದ್ದವೋ ದೇವರೇ ಬಲ್ಲ.

ಆ ಅಂಗಡಿಯಲ್ಲಿ ಅಳತೆಯನ್ನು ಬರೆದಿಡುವ ಪದ್ಧತಿ ಇರಲಿಲ್ಲ. ಟೈಲರ್ ಗಿರಾಕಿಯ ಮೈಗೆ ಟೇಪು ಹಿಡಿದು, "ಎದೆ ಮೂವತ್ತೆಂಟು," ಎನ್ನುವನು. ಮೂಲೆಯಲ್ಲಿ ಕಾಜ ಹಾಕುತ್ತ ಕೂತ ಅಕ್ಕ ತಲೆ ಎತ್ತದೆ, "ಮೂವತ್ತೆಂಟು," ಎನ್ನುವಳು. "ತೋಳು ಇಪ್ಪತ್ಮೂರು." "ಇಪ್ಪತ್ಮೂರು." ಅಕ್ಕ ತಿರುಗಿ ಹೇಳಿದಳೆಂದರೆ ಅಳತೆ ಮುಗಿಯಿತು, ಇನ್ನು ಧೈರ್ಯವಾಗಿ ಕತ್ತರಿ ಹಾಕಬಹುದು. ಎಷ್ಟೋ ದಿನದ ಮೇಲೆ, "ಅಕ್ಕ, ಆ ಉದ್ದ ಮೂಗಿನ ಮೇಷ್ಟ್ರ ಸೊಂಟ?" ಎಂದರೆ ಸಾಕು, ಸೊಂಟದ ಜೊತೆಗೆ ಮೇಷ್ಟ್ರು ಆವತ್ತು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು ಎಂಬುದೂ ಬರುತ್ತಿತ್ತು.

ಒಮ್ಮೆ ಒಬ್ಬ ಗಿರಾಕಿ ಬಂದು, "ನಿಮ್ಮ ತಮ್ಮ ಹೊಲಿದ ಪ್ಯಾಂಟು ಒಂದು ಸಲ ಒಗೆದಿದ್ದಕ್ಕೇ ನನ್ನ ಮಗನಿಗೆ ಸರಿ ಆಯ್ತು," ಎಂದು ಕೂಗಾಡಿದ. ಅಕ್ಕ ಸೂಜಿ ನಿಲ್ಲಿಸಲಿಲ್ಲ. "ಒಂದೇ ಪ್ಯಾಂಟಲ್ಲಿ ಇಬ್ಬರಿಗೆ ಖುಷಿ. ಬೇರೆ ಟೈಲರ್ ಕೈಲಿ ಆಗುತ್ತಾ?" ಎಂದಳು. ಗಿರಾಕಿಗೂ ನಗು ಬಂತು. ಅವನು ಹೋದ ಮೇಲೆ ತಮ್ಮನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು, "ಬಟ್ಟೆ ನೆನೆಸದೇ ಕತ್ತರಿಸಿದ್ಯಾ?" ಅವನು ಹೌದೆಂದ. "ಹಾಗಾದ್ರೆ ಅವನ ಹತ್ರ ಹೌದು ಅನ್ನೋದು ನಿನ್ನ ಕೆಲಸ. ಹೋಗು." ಅವನು ಬೀದಿಯ ತುದಿಯವರೆಗೆ ಓಡಿಹೋಗಿ ಒಪ್ಪಿಕೊಂಡು ಬಂದಿದ್ದ. ಚಿಕ್ಕವನಾಗಿದ್ದಾಗಿನಿಂದ ಅಕ್ಕ ಅವನಿಗೆ ಹೇಳಿಕೊಟ್ಟದ್ದು ಅದೊಂದನ್ನೇ. ಬಟ್ಟೆ ಕೆಟ್ಟರೆ ಬೇರೆ ಬಟ್ಟೆ ತರಬಹುದು, ಅಳತೆ ಮಾತ್ರ ಸುಳ್ಳು ಹೇಳಬೇಡ.

ಮೇಸ್ತ್ರಿ ನೆಲ ನೋಡಲು ಬಂದ ದಿನ ಅಕ್ಕ ಬಂದಿರಲಿಲ್ಲ. ಶಾಲೆಯ ಮಕ್ಕಳ ಅಂಗಿಗಳ ರಾಶಿ ಕಾಜಕ್ಕಾಗಿ ಕಾದಿತ್ತು.

ಮೇಸ್ತ್ರಿ ಬೀಡಿ ಸೇದುತ್ತ ಗೆರೆಗಳ ಸುತ್ತ ಒಂದು ಸುತ್ತು ಬಂದ. ಮತ್ತೊಂದು ಸುತ್ತು ಬಂದ. ಆಮೇಲೆ ಕೇಳಿದ, "ಟೈಲರ್ ಸಾಹೇಬ್ರೇ, ಗೋಡೆ ಎಲ್ಲಿ?"

"ಇದೇ ಅಲ್ವಾ ಗೋಡೆ," ಎಂದು ಟೈಲರ್ ಗೆರೆ ತೋರಿಸಿದ.

"ಇದು ಗೆರೆ. ಗೋಡೆಗೆ ಮೈ ಇರುತ್ತೆ. ಇಲ್ಲಿ ಬಿದ್ದಿರೋ ಕಲ್ಲಲ್ಲೇ ಕಟ್ಟೋದು ಅಂದ್ರಿ. ಕಲ್ಲಿನ ಗೋಡೆ ಅಂದ್ರೆ ಒಂದು ಮೊಳ ದಪ್ಪ. ಅಷ್ಟು ಗೋಡೆನ ನಾನು ಎಲ್ಲಿ ನಿಲ್ಲಿಸ್ಲಿ? ನಿಮ್ಮ ಜೇಬಲ್ಲಾ?"

ಟೈಲರ್ ತನ್ನ ಮನೆಯನ್ನು ನೋಡಿದ. ಹೊಲಿಗೆಗೆ ಎಷ್ಟು ಬಟ್ಟೆ ಬಿಡಬೇಕು ಎಂದು ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಬಟ್ಟೆಗೆ ದಪ್ಪ ಇಲ್ಲ. ಅವನ ಬದುಕಿನಲ್ಲಿ ಗೆರೆಯ ಈ ಕಡೆ ಒಂದು ತುಂಡು, ಆ ಕಡೆ ಒಂದು ತುಂಡು, ನಡುವೆ ಏನೂ ಇರುತ್ತಿರಲಿಲ್ಲ. ಕೋಣೆಗಳನ್ನೂ ಹಾಗೆಯೇ ಒಂದಕ್ಕೊಂದು ಒತ್ತಿ ಕೂರಿಸಿದ್ದ.

ಮೇಸ್ತ್ರಿ ಕೋಲು ಹಿಡಿದು ಮೊಳ ಮೊಳ ಗೋಡೆ ಇಡುತ್ತ ದಾರಿಯ ಕಡೆಯಿಂದ ಬಂಡೆಯ ಕಡೆಗೆ ಬಂದ. ಪ್ರತಿ ಗೋಡೆಗೂ ಮನೆ ಹಿಂದಕ್ಕೆ ಸರಿಯಿತು. ಕೊನೆಗೆ ಅಕ್ಕನ ಕೋಣೆಗೆ ಬರುವಷ್ಟರಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಉಳಿದಿತ್ತು.

"ಬಂಡೆ ಒಡೆಯೋಕಾಗಲ್ಲ, ದಾರಿ ಮುಚ್ಚೋಕಾಗಲ್ಲ," ಎಂದ ಮೇಸ್ತ್ರಿ. "ಎಲ್ಲಾ ಕೋಣೆನೂ ಸ್ವಲ್ಪ ಸ್ವಲ್ಪ ಕುಗ್ಗಿಸಬಹುದು, ಆಮೇಲೆ ಮನೆಯವರೆಲ್ಲ ಏಡಿ ಥರ ಅಡ್ಡಡ್ಡ ನಡೀಬೇಕು. ಒಂದು ಕೋಣೆ ಬಿಡಿ. ಯಾವುದು ಅಂತ ಮಾತಾಡ್ಕೊಂಡು ಹೇಳಿ." ಅವನು ಬಂಡೆಯ ಆಚೆ ನೆರಳಿಗೆ ಹೋಗಿ ಕೂತ.

ಗಂಡ ಹೆಂಡತಿ ನಡುಮನೆಯಲ್ಲಿ ನಿಂತರು. ಅಡುಗೆಮನೆ ಬಿಡುವ ಹಾಗಿಲ್ಲ. ನಡುಮನೆಯಲ್ಲಿ ಮಗಳ ಓದು, ಮಗಳ ಹಾಸಿಗೆ. ಹೆಂಡತಿ ಇಷ್ಟು ವರ್ಷ ಗಂಡನ ಜೊತೆ ನಾಲ್ಕು ಮಾತಾಡಲು ಮಗಳು ಮಲಗುವುದನ್ನು ಕಾದವಳು. ತಮ್ಮದೊಂದು ಕೋಣೆ ಬೇಕೆಂಬುದು ಅವಳ ಬಾಯಿಂದ ಬರಲಿಲ್ಲ, ಬೇಡ ಎಂದೂ ಬರಲಿಲ್ಲ. ಟೈಲರ್ ಮುಂದಿನ ಅಂಗಡಿ ಕೋಣೆಯ ಕಡೆ ನೋಡಿದ. ದಾರಿಗೆ ತೆರೆದ ಅಗಲವಾದ ಬಾಗಿಲು, ಮೇಲೆ ಹಲಗೆ, ಹಲಗೆಯಲ್ಲಿ ತನ್ನ ಹೆಸರು. ಬಾಡಿಗೆ ಅಂಗಡಿಯಲ್ಲಿ ಮೊದಲಿದ್ದವನ ಹೆಸರಿನ ಹಲಗೆಯೇ ಇವತ್ತಿಗೂ ತೂಗುತ್ತಿತ್ತು. ಜಗಲಿಯಲ್ಲಿ ಮಿಷನ್ನು ಹಾಕಿಕೊಂಡು ಹೊಲಿಯುವವರು ಎಷ್ಟೋ ಜನ ಇದ್ದಾರೆ ಎಂಬುದು ಅವನಿಗೆ ಆಗಲೇ ಹೊಳೆಯಿತು. ಹೊಳೆದದ್ದನ್ನು ಅವನು ಹಾಗೆಯೇ ಮಡಚಿ ಒಳಗಿಟ್ಟ.

"ಅಂಗಡಿ ಕೋಣೆಲಿ ಮೇಜು ಇರುತ್ತೆ," ಎಂದ. "ಅಕ್ಕಂಗೆ ಮೇಜು ರೂಢಿ."

ಹೆಂಡತಿ ಹುಲ್ಲನ್ನು ನೋಡುತ್ತಿದ್ದಳು. "ಅಕ್ಕ ಏನೂ ಅನ್ನಲ್ಲ," ಎಂದಳು. ಹೇಳಿ ಮುಗಿಸಿದ ಮೇಲೆ ಯಾಕೋ ಅವಳಿಗೇ ಕಸಿವಿಸಿಯಾಯಿತು. "ಆದ್ರೆ ನೀವೇ ಹೇಳ್ಬೇಕು ರೀ. ನನ್ನ ಕೈಲಿ ಆಗಲ್ಲ."

"ಹೇಳ್ತೀನಿ."

ಮೇಸ್ತ್ರಿ ಹೋದ ಮೇಲೆ ಟೈಲರ್ ಕೊನೆಯ ಕೋಣೆಯ ಗೆರೆಗಳನ್ನು ಕಾಲಿನಿಂದ ಉಜ್ಜಿದ. ಮೇಜಿನ ಮೇಲಾಗಿದ್ದರೆ ತಪ್ಪು ಗೆರೆಯನ್ನು ಅಂಗೈಯಲ್ಲಿ ಒಂದು ಸಲ ಒರೆಸಿದರೆ ಸಾಕಿತ್ತು. ಹುಲ್ಲಿಗೆ ಹಿಡಿದ ಸುಣ್ಣ ಹೋಗಲಿಲ್ಲ, ಉಜ್ಜಿದಷ್ಟೂ ಹರಡಿತು. ಕಡೆಗೆ ಕೂತು ಹುಲ್ಲನ್ನೇ ಕಿತ್ತ. ಎರಡು ಬಿಳಿ ಕಲ್ಲುಗಳನ್ನು ಎತ್ತಿಕೊಂಡು ದೂರ ಎಸೆಯಲು ಕೈ ಎತ್ತಿದವನಿಗೆ ಎಸೆಯಲು ಮನಸ್ಸು ಬರಲಿಲ್ಲ. ಬಂಡೆಯ ಮೇಲಿಟ್ಟು ಬಂದ.

ಆವತ್ತು ಸಂಜೆ ಹೇಳಬೇಕೆಂದಿದ್ದ. ಅಂಗಡಿಗೆ ಬಂದಾಗ ಅಕ್ಕ ಅಂಗಿಗಳನ್ನು ಮಡಚುತ್ತಿದ್ದಳು.

"ಮೇಸ್ತ್ರಿ ಏನಂದ?"

"ನೆಲ ಗಟ್ಟಿ ಇದೆ ಅಂದ."

ಅದು ಸುಳ್ಳಲ್ಲ. ಮೇಸ್ತ್ರಿ ಅದನ್ನೂ ಹೇಳಿದ್ದ.

ಆಮೇಲೆ ಟೈಲರ್ ಅಕ್ಕನಿಗೆ ಎಲ್ಲಿಲ್ಲದ ಉಪಚಾರ ಮಾಡತೊಡಗಿದ. ಅವಳ ಕನ್ನಡಕದ ಸಡಿಲವಾದ ಕಡ್ಡಿ ಸರಿಮಾಡಿಸಿ ತಂದ. ತುದಿ ಮೊಂಡಾಗದ ಒಳ್ಳೆಯ ಸೂಜಿಗಳ ಪೊಟ್ಟಣ ತಂದ. ಕೂರುವ ಜಾಗಕ್ಕೆ ಹತ್ತಿಯ ದಿಂಬು ಹೊಲಿದುಕೊಟ್ಟ. ಅವಳು ಏಳುವ ಮೊದಲೇ ಟೀ ತಂದಿಟ್ಟ.

"ಏನೋ ಇದು?" ಎಂದಳು ಅಕ್ಕ. "ನಾನು ಇನ್ನು ಸ್ವಲ್ಪ ದಿನ ಅಂತ ಡಾಕ್ಟರ್ ಏನಾದ್ರೂ ಹೇಳಿದ್ರಾ? ನನಗೂ ಒಂದು ಮಾತು ತಿಳಿಸು, ಬಟ್ಟೆ ಬರೆ ಜೋಡಿಸ್ಕೊಳ್ತೀನಿ."

"ಹಾಗೆಲ್ಲ ಅನ್ಬೇಡ ಅಕ್ಕ."

"ಸರಿ, ಅನ್ನಲ್ಲ. ಟೀಗೆ ಸಕ್ಕರೆ ಹಾಕು."

ಅಮ್ಮನಿಂದ ವಿಷಯ ತಿಳಿದಿದ್ದ ಮಗಳು ಮಾತ್ರ ಬಿಡಲಿಲ್ಲ. ಮಹಡಿ ಮೆಟ್ಟಿಲಲ್ಲಿ ಅಪ್ಪನನ್ನು ಅಡ್ಡಗಟ್ಟಿ, "ಅತ್ತೆಗೆ ಹೇಳಿದ್ಯಾ?" ಎಂದು ಕೇಳಿದಳು.

"ಹೇಳ್ತೀನಿ."

"ನಾನು ಹೇಳ್ಲಾ?"

"ನೀನು ಸುಮ್ನಿರು. ನಾನೇ ಹೇಳೋದು ಸರಿ."

"ಸರಿ ಅಂತ ಗೊತ್ತಿದ್ರೆ ಹೇಳು ಮತ್ತೆ," ಎಂದು ಅವಳು ದಡದಡ ಇಳಿದುಹೋದಳು.

ಬೆಳಿಗ್ಗೆ ದೇವರ ಮುಂದೆ ನಿಂತರೆ ಅವನಿಗೆ ಮಾತು ಬರುತ್ತಿರಲಿಲ್ಲ. ಎಷ್ಟೋ ಕಷ್ಟದಲ್ಲಿ ಅವನು, ನಿನಗೆ ಎಲ್ಲಾ ಗೊತ್ತಲ್ಲ ದೇವರೇ, ಎಂದು ಸಮಾಧಾನ ಪಟ್ಟುಕೊಂಡವನು. ಈಗ ಆ ಮಾತೇ ಎದುರಿಗೆ ನಿಂತು ಅವನನ್ನು ನೋಡುತ್ತಿತ್ತು. ಕಣ್ಣು ಮುಚ್ಚಿ, ಕೈ ಜೋಡಿಸಿ, ಏನೂ ಕೇಳದೆ ತಿರುಗಿ ಬರುತ್ತಿದ್ದ. ಇವತ್ತು ಹೇಳಿಬಿಡಬೇಕು ಎಂದುಕೊಂಡು ಮೆಟ್ಟಿಲಿಳಿಯುವನು. ಅಂಗಡಿಗೆ ಬಂದರೆ ಒಂದಲ್ಲ ಒಂದು ಗಿರಾಕಿ. ಗಿರಾಕಿ ಇಲ್ಲದಿದ್ದರೆ ಅಕ್ಕನ ಮುಖದಲ್ಲಿ ಒಂದು ಖುಷಿ. ಗಿರಾಕಿಗಿಂತ ಅದೇ ದೊಡ್ಡ ಅಡ್ಡಿ.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ಟೈಲರ್ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಅಕ್ಕ ಮೇಜಿನ ಕೆಳಗಿಂದ ಒಂದು ಗಂಟು ಎಳೆದು ಬಿಚ್ಚಿದಳು. ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳು. ಯಾವುಯಾವುದೋ ಕಾಲದ ಅಂಗಿಗಳ ನೀಲಿ, ಹಸಿರು, ತೆಳು ಹಳದಿ. ಎಲ್ಲವನ್ನೂ ಬಣ್ಣ ನೋಡಿ ಆರಿಸಿ ಇಟ್ಟಿದ್ದಳು.

"ತಮ್ಮಾ, ನನ್ನ ಕಿಟಕಿ ಅಳತೆ ಹೇಳು."

ಅವನು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟ. "ಯಾಕೆ?"

"ಪರದೆ ಹೊಲಿತೀನಿ. ಬಿಸಿಲು ಬೇಕು ಅಂದೆ ಅಂತ ಬೇಸಿಗೆಲಿ ಸುಟ್ಕೋಬೇಕಾ? ಬೇಕಾದಾಗ ಸರಿಸಬಹುದು, ಬೇಡವಾದಾಗ ಎಳೀಬಹುದು. ನನ್ನ ಕಿಟಕಿ, ನನ್ನ ಇಷ್ಟ." ಅವಳು ಸೂಜಿಗೆ ದಾರ ಪೋಣಿಸುತ್ತ, ಮುಖ ಎತ್ತದೆ, ಗಿರಾಕಿಯ ಅಳತೆಗೆ ಕಾಯುವ ಹಾಗೆಯೇ ಕಾದಳು.

ಅದೇ ಹೊತ್ತು. ಅವಳೇ ಎತ್ತಿಕೊಟ್ಟ ಹೊತ್ತು. ಕಿಟಕಿ ಇಲ್ಲ ಅಕ್ಕ ಎಂದರೆ ಮುಗಿಯುತ್ತಿತ್ತು. ಅವನ ಬಾಯಿ ಆ ಮಾತಿಗೆಂದೇ ತೆರೆಯಿತು.

"ಅಗಲ ಮೂವತ್ತಾರು," ಎಂದ.

"ಮೂವತ್ತಾರು."

"ಎತ್ತರ ನಲವತ್ತೆಂಟು."

"ನಲವತ್ತೆಂಟು," ಎಂದಳು ಅಕ್ಕ. ಮುಗಿಯಿತು. ಅವಳ ತಲೆಯೊಳಗೆ ಆ ಕಿಟಕಿ ಊರವರೆಲ್ಲರ ಎದೆ ಸೊಂಟಗಳ ಪಕ್ಕದಲ್ಲಿ ಹೋಗಿ ಕೂತಿತು. ಅಂಗಡಿ ಶುರುವಾದಾಗಿನಿಂದ ಅಲ್ಲಿಗೆ ಇಲ್ಲದ್ದರ ಅಳತೆ ಒಂದೂ ಹೋಗಿರಲಿಲ್ಲ.

ಪರದೆ ಬೆಳೆಯಿತು. ಕಾಜ ಮುಗಿಸಿದ ಮೇಲೆ ಅವಳು ಅದನ್ನು ಎತ್ತಿಕೊಳ್ಳುವಳು. ತುಂಡಿಗೆ ತುಂಡು ಸೇರಿಸಿ, ಸೇರಿಸಿದ ಕಡೆ ಸಣ್ಣ ಸಣ್ಣ ಹೊಲಿಗೆ ಹಾಕಿ, ಬೆಳಕಿಗೆ ಹಿಡಿದು ನೋಡುವಳು. ಗಿರಾಕಿಗಳು ಕೇಳಿದರೆ, "ನಮ್ಮನೆ ಕಿಟಕಿದು," ಎನ್ನುವಳು. ಟೈಲರ್ ಆ ಕಡೆಗೆ ಬೆನ್ನು ಮಾಡಿ ಮಿಷನ್ನು ತಿರುಗಿಸಿಕೊಂಡ. ಮುಖಕ್ಕೆ ಬಿಸಿಲು ಹೊಡೆಯುತ್ತೆ ಎಂದು ನೆಪ ಹೇಳಿದ.

ಪಾಯ ತೋಡಲು ಶುರುಮಾಡುವ ದಿನ ಬಂತು. ಮೇಸ್ತ್ರಿ ಗೂಟ ಹೊಡೆದು ಹಗ್ಗ ಕಟ್ಟುವುದು ಆವತ್ತೇ.

"ನೀನು ಅಂಗಡಿಲಿರು ಅಕ್ಕ," ಎಂದ ಟೈಲರ್. "ಮದುವೆ ಮನೆಯವರು ಅಂಗಿ ತಗೊಂಡು ಹೋಗೋಕೆ ಬರ್ತಾರೆ." ಹಗ್ಗ ಕಟ್ಟಿ ಆಗಲಿ, ಪಾಯ ತೋಡಲಿ, ಆಮೇಲೆ ಹೇಳಿದರೆ ಆಯಿತು ಎಂಬ ಲೆಕ್ಕ. ತೋಡಿದ ನೆಲದ ಎದುರು ಯಾರಾದರೂ ಏನು ಹೇಳಿಯಾರು.

ಮದುವೆ ಮನೆಯವರು ಬೇಗ ಬಂದು ಅಂಗಿ ತೆಗೆದುಕೊಂಡು ಹೋದರು. ಪರದೆಯ ಕೊನೆಯ ಅಂಚೂ ಮುಗಿದಿತ್ತು. ಅಕ್ಕ ಶಟರು ಎಳೆದು, ಪರದೆಯನ್ನು ಮಡಚಿ ಚೀಲಕ್ಕೆ ಹಾಕಿ, ಮುಂದಿನ ಬಸ್ಸು ಹತ್ತಿದಳು.

ಅವಳು ಗಾಡಿ ದಾರಿಯಲ್ಲಿ ಬರುವುದನ್ನು ಮೊದಲು ಕಂಡವಳು ಮಗಳು. ಅವಳು ಅಪ್ಪನ ಮುಖ ನೋಡಿದಳು. ಹಗ್ಗಗಳು ಆಗಲೇ ಗೂಟದಿಂದ ಗೂಟಕ್ಕೆ ಬಿಗಿದು ನಿಂತಿದ್ದವು. ಗೋಡೆಗೆ ಎರಡೆರಡು ಹಗ್ಗ, ನಡುವೆ ಮೊಳದ ದಪ್ಪ. ಕೂಲಿಯವರು ಇನ್ನೂ ಗುದ್ದಲಿ ಇಳಿಸಿರಲಿಲ್ಲ.

ಅಕ್ಕ ಬಾಗಿಲಿನ ಹತ್ತಿರ ನಿಂತು ಚಪ್ಪಲಿ ಬಿಟ್ಟಳು. "ಓ, ಗೋಡೆ ದಪ್ಪ ಆಗಿದೆ," ಎಂದು ಮೆಚ್ಚಿಕೊಂಡಳು. ಅಂಗಡಿ ಕೋಣೆಯಿಂದ ನಡುಮನೆಗೆ ಬಂದಳು, ಅಲ್ಲಿಂದ ಅಡುಗೆಮನೆಗೆ. ಟೈಲರನ ಹೆಂಡತಿ ಎದ್ದು ನಿಂತಳು. ಅಕ್ಕ ಗಂಡ ಹೆಂಡತಿಯ ಕೋಣೆ ದಾಟಿ ಮುಂದಿನ ಬಾಗಿಲು ಹುಡುಕಿದಳು. ಹಗ್ಗ ಎಲ್ಲೂ ಬಿಟ್ಟಿರಲಿಲ್ಲ. ಈ ಮೂಲೆಯಿಂದ ಆ ಮೂಲೆಗೆ ಒಂದೇ ಸಮನೆ ಎಳೆದಿತ್ತು. ಅವಳು ಅದರ ಉದ್ದಕ್ಕೂ ಒಮ್ಮೆ ನಡೆದು ಹೋದಳು, ತಿರುಗಿ ಬಂದಳು.

"ಅಲ್ಲಿಗೆ ಮನೆ ಮುಗೀತಮ್ಮಾ," ಎಂದ ಮೇಸ್ತ್ರಿ, ಏನೂ ತಿಳಿಯದೆ. "ಆ ಕಡೆ ಹಿತ್ತಲು."

ಹಗ್ಗದಾಚೆ ಹುಲ್ಲು ಕಿತ್ತ ಬೋಳು ನೆಲ. ಅದರಾಚೆ ಬಂಡೆ. ಬಂಡೆಯ ಮೇಲೆ ಎರಡು ಬಿಳಿ ಕಲ್ಲು. ಅಕ್ಕ ಅವುಗಳನ್ನು ನೋಡುತ್ತ ನಿಂತಳು. ಅವಳು ಕೂಗಿದ್ದರೆ, ಅತ್ತಿದ್ದರೆ ಟೈಲರನಿಗೆ ಎಷ್ಟೋ ಹಗುರವಾಗುತ್ತಿತ್ತು.

"ತಮ್ಮಾ," ಎಂದಳು. "ಇಲ್ಲಿ ಬಾ."

ಅವನು ಬಂದ.

"ನನ್ನ ಕೋಣೆ?"

"ಗೋಡೆ ದಪ್ಪ ಲೆಕ್ಕಕ್ಕೆ ತಗೊಂಡಿರ್ಲಿಲ್ಲ ಅಕ್ಕ. ಜಾಗ ಸಾಲ್ಲಿಲ್ಲ. ಅಂಗಡಿ ಕೋಣೆಲಿ ಮೇಜಿರುತ್ತಲ್ಲ, ಈಗಿನ ಹಾಗೇ..."

"ಅದನ್ನ ಕೇಳ್ಲಿಲ್ಲ. ಮೂವತ್ತಾರು ಅಂದೆ. ನಲವತ್ತೆಂಟು ಅಂದೆ. ಆವತ್ತು ನಿನಗೆ ಗೊತ್ತಿತ್ತಾ?"

ಟೈಲರನ ಕೈ ಕೊರಳಿನ ಟೇಪಿನ ತುದಿಯನ್ನು ಸುತ್ತುತ್ತಿತ್ತು.

"ಗೊತ್ತಿತ್ತು," ಎಂದ.

ಹೆಂಡತಿ ಹತ್ತಿರ ಬಂದಳು. "ಅಕ್ಕ, ಇವರೊಬ್ಬರದೇ ಅಲ್ಲ, ನಾನೂ..."

"ನೀನು ತಡಿ ತಾಯಿ. ಅಳತೆ ಹೇಳಿದ್ದು ಇವನು." ಅಕ್ಕ ತಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಅನ್ನಲ್ಲ ಅಂತ ಗೊತ್ತಿತ್ತು ಅಕ್ಕ. ನೀನು ಏನೂ ಅನ್ನಲ್ಲ ಅಂತ..."

"ಅದಕ್ಕೇ ಕೇಳ್ಲಿಲ್ಲ."

ಅವನು ತಲೆ ತಗ್ಗಿಸಿದ. ಅಕ್ಕ ಅಲ್ಲೇ ಹುಲ್ಲಿನ ಮೇಲೆ, ಹಗ್ಗದ ಒಳಗೆ ಕೂತಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಮಗಳು ಬಂದು ಅತ್ತೆಯ ಪಕ್ಕದಲ್ಲಿ ಕೂತು ಅವಳ ಕಾಲಿಗಂಟಿದ ಹುಲ್ಲಿನ ಮುಳ್ಳು ಕೀಳತೊಡಗಿದಳು.

"ಮೇಸ್ತ್ರಿ," ಎಂದ ಟೈಲರ್. "ಆ ಮುಂದಿನ ಕೋಣೆ ಅಕ್ಕಂದು. ದಾರಿ ಕಡೆ ಆ ದೊಡ್ಡ ಬಾಗಿಲು ಬೇಡ."

"ಹಾಗಾದ್ರೆ ನಿಮ್ಮ ಅಂಗಡಿ?"

"ಪಕ್ಕದಲ್ಲಿ ಜಗಲಿ ಹಾಕ್ಕೊಂಡು ಅಲ್ಲೇ ಹೊಲಿತೀನಿ."

"ಗಾಳಿಗೆ ಬಟ್ಟೆ ಹಾರುತ್ತೆ ಸಾಹೇಬ್ರೇ."

"ಕಲ್ಲು ಇಟ್ಕೊಳ್ತೀನಿ."

ಹೇಳಿದ್ದು ಮನಸಾರೆಯೇ. ಆದರೂ ಹೇಳಿದ ಮರುಗಳಿಗೆ ಅವನ ಒಳಗೆ ಏನೋ ಒಂದು ಕಿವಿ ನಿಮಿರಿಸಿ ಕೂತಿತು. ಅಕ್ಕ ಈಗ, ಬೇಡ ಬಿಡೋ, ಅಂಗಡಿ ಇರಲಿ, ನನಗೇನು ಒಂದು ಮೂಲೆ ಸಾಕು, ಎನ್ನುತ್ತಾಳೆ. ಇಷ್ಟು ವರ್ಷ ಅಂದ ಹಾಗೆ ಇವತ್ತೂ ಅನ್ನುತ್ತಾಳೆ. ತಾನು ಅದಕ್ಕಾಗಿ ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಅವನಿಗೆ ಮೊದಲಿನ ತಪ್ಪಿಗಿಂತ ಇದೇ ದೊಡ್ಡದೆನಿಸಿತು. ದೇವರೇ, ಅವಳು ಹಾಗೆ ಅನ್ನದಿರಲಿ ಎಂದು ಬೇಡಿಕೊಂಡ. ಎಷ್ಟೋ ದಿನಗಳ ಮೇಲೆ ಅವನು ದೇವರಲ್ಲಿ ಕೇಳಿದ ಮೊದಲ ಮಾತು ಅದು.

"ಸರಿ," ಎಂದಳು ಅಕ್ಕ.

ಮತ್ತೆ ಹೇಳಿದಳು, "ಮೇಜು ನನ್ನ ಕೋಣೆಲಿ ಇರಬಾರದು. ಅದೂ ಜಗಲಿಗೇ ಹೋಗ್ಲಿ. ನನಗೆ ಮಂಚ ಬೇಕು."

"ಮಂಚನೇ ಮಾಡಿಸ್ತೀನಿ ಅಕ್ಕ."

"ಮಾಡಿಸು."

ಅವಳು ಎದ್ದು, ಬಂದ ಬಾಗಿಲುಗಳಿಂದಲೇ ಹಿಂದಿರುಗಿ ಮುಂದಿನ ಕೋಣೆಗೆ ಬಂದಳು. ಎಲ್ಲರೂ ಹಿಂದೆ ಬಂದರು. ಮೇಸ್ತ್ರಿ ದೊಡ್ಡ ಬಾಗಿಲಿನ ಗೂಟಗಳನ್ನು ಕೀಳಿಸಿ, ಮನೆಗೆ ಸಾಕಾಗುವ ಬಾಗಿಲನ್ನು ನಡುಮನೆಯ ಕಡೆಗೆ ಸರಿಸಿದ. ಅಕ್ಕನ ಗೋಡೆಯಲ್ಲಿ ಕಿಟಕಿ ಎಲ್ಲಿ ಬರಲಿ ಎಂದು ಕೇಳಿದ. ಅದು ದಾರಿಯ ಕಡೆ, ಸೂರ್ಯ ಮುಳುಗುವ ಕಡೆ.

"ಇಲ್ಲಿಗೆ ಬೆಳಗಿನ ಬಿಸಿಲು ಬರಲ್ಲ ಅಕ್ಕ," ಎಂದ ಟೈಲರ್. ಈ ಸಲ ಬೇರೆಯವರು ಹೇಳುವ ಮೊದಲು ತಾನೇ ಹೇಳಬೇಕು ಎಂದುಕೊಂಡಿದ್ದ.

"ಗೊತ್ತು."

"ಆ ಕಡೆ ಗೋಡೆ ನಡುಮನೆದು, ಅಲ್ಲಿ ಇಡೋಕೆ..."

"ಗೊತ್ತು ಅಂದ್ನಲ್ಲ."

ಅವಳು ಪರವಾಗಿಲ್ಲ ಎನ್ನಲಿಲ್ಲ. ಚೀಲದಿಂದ ಪರದೆ ತೆಗೆದು ಕೊಡವಿದಳು. ನೀಲಿ, ಹಸಿರು, ತೆಳು ಹಳದಿ ಒಂದರೊಳಗೊಂದು ಸೇರಿ ಬಿಚ್ಚಿಕೊಂಡವು. ಒಂದು ತುದಿಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು, ಇನ್ನೊಂದು ತುದಿಯನ್ನು ಹುಡುಗಿಗೆ. ಇಬ್ಬರೂ ಅದನ್ನು ಹಗ್ಗದ ಮೇಲೆ, ಗೋಡೆ ಬರುವ ಜಾಗದಲ್ಲಿ ಬಿಗಿಯಾಗಿ ಹಿಡಿದರು. ಇಬ್ಬರ ಕಾಲ ಬಳಿ ಒಂದೊಂದು ಗೂಟ ಹೊಡೆಯಲು ಮೇಸ್ತ್ರಿ ಬಗ್ಗಿದ.

"ತಡಿ," ಎಂದಳು ಅಕ್ಕ. ತಮ್ಮನ ಕಡೆ ತಿರುಗಿದಳು. ಅವನ ಕೊರಳಿನಿಂದ ಟೇಪು ಎಳೆದುಕೊಂಡು, ಪರದೆಯ ಈ ಅಂಚಿನಿಂದ ಆ ಅಂಚಿಗೆ ತಾನೇ ಹಿಡಿದಳು. ಅಂಗಡಿಯಲ್ಲಿ ಟೇಪು ಹಿಡಿದು ಕೂಗುವುದು ಯಾವತ್ತೂ ಅವನ ಕೆಲಸ.

"ಅಗಲ ಮೂವತ್ತಾರು," ಎಂದಳು.

ಅವನು ಪರದೆಯನ್ನು ನೋಡಿದ. ಅವಳು ಕಾದಳು. ಮೇಸ್ತ್ರಿ ಗೂಟ ಹಿಡಿದುಕೊಂಡು ಬಗ್ಗಿಯೇ ಇದ್ದ.

"ಮೂವತ್ತಾರು," ಎಂದ ಕೊನೆಗೆ.

"ಎತ್ತರ ನಲವತ್ತೆಂಟು."

"ನಲವತ್ತೆಂಟು."

"ಹೊಡಿ," ಎಂದಳು ಮೇಸ್ತ್ರಿಗೆ.

ಎರಡು ಗೂಟ ಇಳಿದವು. ಅಕ್ಕ ಪರದೆಯನ್ನು ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಚಿ, ಚೀಲಕ್ಕೆ ಹಾಕಿದಳು. ಟೇಪನ್ನು ಅವನ ಕೊರಳಿಗೆ ಹಾಕಲಿಲ್ಲ, ಕೈಗೆ ಕೊಟ್ಟಳು. "ಶಾಲೆಯವರ ಅಂಗಿ ಇನ್ನೂ ಉಳಿದಿದೆ, ಬಸ್ಸಿಗೆ ಹೊತ್ತಾಯ್ತು," ಎಂದು ಹೊಸ ಬಾಗಿಲಿನಿಂದ ಹೊರಗೆ ಸುತ್ತಿ ಹೋಗಿ ಚಪ್ಪಲಿ ಮೆಟ್ಟಿದಳು.

ಹಿಂದೆ ಗುದ್ದಲಿಯ ಮೊದಲ ಏಟು ಬಿತ್ತು. ಟೈಲರ್ ಅವಳನ್ನು ಬಸ್ಸಿನವರೆಗೆ ಬಿಟ್ಟುಬರಲು ಹೊರಟ. ಅವಸರದಲ್ಲಿ ಹಗ್ಗ ದಾಟಲು ಕಾಲೆತ್ತಿದವನು, ಎತ್ತಿದ ಕಾಲನ್ನು ಮೆಲ್ಲಗೆ ಒಳಗೇ ಇಳಿಸಿದ. ಆಮೇಲೆ ಬಾಗಿಲು ಎಲ್ಲಿದೆ ಎಂದು ನೋಡಿ, ಸುತ್ತಿಕೊಂಡು ಅಲ್ಲಿಂದ ಹೊರಗೆ ಬಂದ. ಅಷ್ಟರಲ್ಲಿ ಅಕ್ಕ ದಾರಿಯಲ್ಲಿ ಸಾಕಷ್ಟು ಮುಂದೆ ಹೋಗಿದ್ದಳು. ಅವನು ಕೂಗಿ ನಿಲ್ಲಿಸಲಿಲ್ಲ, ಹೆಜ್ಜೆ ಚುರುಕು ಮಾಡಿದ.